ಬಂದೆ ಅಂದು ಬಾರದ ವರ್ಷ

ಕಾರಿನ ಕಿಟಕಿ ಇಳಿಸಿದ್ದೇ ತಪ್ಪಾಯಿತು. ಪಾವಗಡ ದಾಟಿ ಕ್ಯಾತಗಾನಚೆರ್ಲಿನ ಕಡೆ ಹೋಗುತ್ತಿದ್ದೆವು. ತಂಗಿಯ ಮಗನಿಗೆ ಅಲ್ಲಿನ ಸೋಲಾರ್ ಪಾರ್ಕ್ ನೋಡುವ ಹುಚ್ಚು ಹತ್ತಿತ್ತು. "ನೀನು ಕೆಲಸ ಮಾಡಿದ ಸೀಮೆ ಅಲ್ವಾ ಮಾವ, ಬಾ, ದಾರಿ ತೋರಿಸು" ಎಂದು ನನ್ನನ್ನೂ ಹತ್ತಿಸಿಕೊಂಡಿದ್ದ. ದಾರಿ ತೋರಿಸಲು ಅವನ ಫೋನಿನಲ್ಲೇ ಒಬ್ಬಳಿದ್ದಳು. ನಾನು ಸುಮ್ಮನೆ ಕೂತಿದ್ದೆ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಗಾಜಿನ ಹಲಗೆಗಳು. ಬೆಳಿಗ್ಗೆ ಒಂದು ಮಳೆ ಬಂದು ನಿಂತಿತ್ತು. ಹಲಗೆಗಳ ಸಾಲಿನ ನಡುವೆ ಕುರಿ ಮಂದೆಯೊಂದು ಮೇಯುತ್ತಿತ್ತು. ಗಾಳಿ ಬರಲಿ ಎಂದು ಕಿಟಕಿ ಇಳಿಸಿದೆ. ನೆನೆದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ನಿಲ್ಲಿಸು," ಎಂದೆ. ನಿಲ್ಲಿಸಿದ. "ಬೇಡ, ನಡಿ," ಎಂದೆ. ಹೊರಟ. ಒಂದು ಮೈಲಿ ಹೋದ ಮೇಲೆ, "ನಿಲ್ಲಿಸಬೇಕಾಗಿತ್ತು ಕಣೋ," ಎಂದೆ. ಅಳಿಯ ನನ್ನ ಮುಖ ನೋಡಿದ. ಅಷ್ಟರಲ್ಲಿ ಅವನ ಫೋನು ಟಿಂಗ್ ಎಂದಿತು. ಗಂಟೆಗೊಮ್ಮೆ ಅದು ಹಾಗೆ ಅನ್ನುತ್ತದೆ; ಆಗ ಇವನು ಸ್ಟಿಯರಿಂಗ್ ಹಿಡಿದುಕೊಂಡೇ ಒಂದು ದೀರ್ಘ ಉಸಿರು ಎಳೆದು ಬಿಡುತ್ತಾನೆ. ಈ ಕ್ಷಣದಲ್ಲಿ ಬದುಕಬೇಕಂತೆ, ಬುದ್ಧ ಹೇಳಿದ್ದಾನಂತೆ, ಮನಸ್ಸಿಗೆ ಬಹಳ ನೆಮ್ಮದಿಯಂತೆ. "ನೀನೂ ಎಳ್ಕೋ ಮಾವ, ನಿನ್ನ ಬಿ.ಪಿ.ಗೆ ಒಳ್ಳೇದು," ಎಂದ. ನನಗೆ ರೇಗಿತು. ಬುದ್ಧನ ಆ ಮಾತನ್ನು ನನಗೆ ಹೇಳಿಕೊಟ್ಟ ಮನುಷ್ಯನ ಹತ್ತಿರ ಗಂಟೆ ಬಾರಿಸುವ ಫೋನು ಇರಲಿಲ್ಲ. ಎಳೆದುಕೊಳ್ಳಲು ಸಾಕಷ್ಟು ಉಸಿರೂ ಇರಲಿಲ್ಲ. ಅವನು ಹೇಳಿಕೊಟ್ಟ ವರ್ಷದಲ್ಲಿ ನನಗೆ ನೆಮ್ಮದಿಯಂತೂ ಸಿಗಲೇ ಇಲ್ಲ.

ತುರ್ತುಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ನನಗೆ ಇಪ್ಪತ್ತಾರು. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯವನು ನಾನು. ಪಶು ಆಸ್ಪತ್ರೆ ಕಾಂಪೌಂಡರ್ ಕೆಲಸ ಸಿಕ್ಕಿ, ಪಾವಗಡದಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿಗೆ ಹಾಕಿದ್ದರು. ಆ ಊರಿನ ಹೆಸರು ಹೇಳುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ಆಸ್ಪತ್ರೆ ಎಂದರೆ ಒಂದು ಕೋಣೆ, ಮುಂದೆ ಒಂದು ಕಲ್ಲಿನ ಜಗಲಿ, ದನಗಳನ್ನು ಬಿಗಿದು ನಿಲ್ಲಿಸುವ ಮರದ ಚೌಕಟ್ಟು. ಡಾಕ್ಟರು ಪಾವಗಡದಲ್ಲಿ, ವಾರಕ್ಕೊಮ್ಮೆ ಬಂದರೆ ಬಂದರು. ಉಳಿದಂತೆ ಎಲ್ಲಕ್ಕೂ ನಾನೇ. ಜನ ನನ್ನನ್ನು ಕುರಿ ಡಾಕ್ಟ್ರು ಎನ್ನುತ್ತಿದ್ದರು.

ಹೋದ ದಿನವೇ ಅಲ್ಲಿಂದ ವರ್ಗ ಕೇಳಿ ಅರ್ಜಿ ಬರೆದೆ. ಮಧುಗಿರಿಯಲ್ಲಿ ಒಂದು ಹೆಣ್ಣು ನೋಡಿದ್ದರು. ಹುಡುಗಿಯ ಅಪ್ಪ ಬಾಗಿಲಲ್ಲೇ ಹೇಳಿಬಿಟ್ಟಿದ್ದ: "ಹುಡುಗನ ಮೇಲೆ ನಮ್ದೇನೂ ತಕರಾರಿಲ್ಲ. ಮಧುಗಿರಿಗೆ ವರ್ಗ ಮಾಡಿಸ್ಕೊಂಡು ಬರ್ಲಿ, ಆಮೇಲೆ ಮಾತಾಡಾಣ. ಪಾವಗಡಕ್ಕೆ ಮಾತ್ರ ಕಳಿಸಲ್ಲ." ನನ್ನ ಟ್ರಂಕನ್ನು ನಾನು ಬಿಚ್ಚಲೇ ಇಲ್ಲ. ಬೇಕಾದ ಅಂಗಿಯನ್ನು ಮೇಲಿನಿಂದ ಎಳೆದುಕೊಂಡು, ಒಗೆದು ಮತ್ತೆ ಅದರೊಳಗೇ ಇಡುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಮುಗಿದ ಮೇಲೆ ಹೊಡೆಯಬೇಕಾದ ಗೆರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಹೊಡೆದುಬಿಡುತ್ತಿದ್ದೆ. ಹನ್ನೊಂದರ ಬಸ್ಸಿಗೆ ಟಪ್ಪಾಲು ಬರುತ್ತಿತ್ತು. ಹತ್ತೂವರೆಗೇ ಅಂಚೆ ಮನೆಯ ಜಗಲಿಯಲ್ಲಿ ನನ್ನ ಹಾಜರಿ. ಏನು ತಿಂದೆ, ಯಾರ ಎಮ್ಮೆಗೆ ಯಾವ ಔಷಧಿ ಕೊಟ್ಟೆ, ಕೇಳಿದರೆ ಸಂಜೆಗೆ ನೆನಪಿರುತ್ತಿರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುವ ಒಂದು ತುರಿಕೆ ಮೈತುಂಬ.

ಏಳುಮಲೈ ಸಿಕ್ಕಿದ್ದು ಒಂದು ಮೇಕೆಯ ದೆಸೆಯಿಂದ. ಆಸ್ಪತ್ರೆಯ ಹಿಂದೆಯೇ ಊರಿನ ಕಾಲೋನಿ. ಅಲ್ಲಿನ ಮೊದಲ ಮನೆ ಅವನದು. ಕೋಲಾರದ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದಡಿ ದುಡಿದು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು, ಹೆಂಡತಿ ರಾಮಕ್ಕನ ತವರಿಗೆ ಬಂದು ನೆಲೆಸಿದ್ದ. ಊರವರಿಗೆ ಅವನು ಗನಿ ತಾತ. ಒಂದು ಬೆಳಿಗ್ಗೆ ರಾಮಕ್ಕ ಕಿಟಕಿಯಲ್ಲಿ ಇಣುಕಿ, "ಡಾಕ್ಟ್ರಯ್ಯಾ, ಮೇಕಗೆ ಪೊಟ್ಟ ಉಬ್ಬಿಪೋಯಿಂದಿ, ಒಸಿ ಬಾರಯ್ಯಾ," ಎಂದು ತನ್ನ ತೆಲುಗುಗನ್ನಡದಲ್ಲಿ ಕರೆದಳು. ನಾನು ವರ್ಗದ ಅರ್ಜಿಯ ಮೂರನೇ ಪ್ರತಿ ಬರೆಯುತ್ತಿದ್ದೆ. "ಬಂದೆ ಕಣಮ್ಮ," ಎಂದೆ. ಹೋದದ್ದು ಅರ್ಧ ಗಂಟೆಯ ಮೇಲೆ. ಮೇಕೆಯ ಪುಣ್ಯ, ಬದುಕಿತ್ತು. ಎಣ್ಣೆ ಕುಡಿಸಿ, ಹೊಟ್ಟೆ ನೀವಿ, ಗಾಳಿ ಹೊರಡಿಸಿದೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ತೆಳ್ಳನೆಯ ಮುದುಕ ನನ್ನನ್ನೇ ನೋಡಿ ನಗುತ್ತಿದ್ದ.

"ತಂಬಿ, ನೀನು ಯಾವಾಗ ಬಂದೆ?"

"ಈಗ ತಾನೆ."

"ಇಲ್ಲಪ್ಪಾ. ಅರ್ಧ ಗಂಟೆ ಮುಂಚೆನೇ ಬಂದೆ ಅಂದ್ಯಲ್ಲ. ಆವಾಗ್ಲಿಂದ ಬಾಗ್ಲು ನೋಡ್ತಾ ಇದೀನಿ, ಬಂದೋನು ಎಲ್ಲಿ ಅಂತ." ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಬೇಜಾರ್ ಮಾಡ್ಕೋಬೇಡ. ತಮಿಳಲ್ಲಿ ನಾವೂ ಹಿಂಗೇನೇ, ಕೂತ ಜಾಗದಲ್ಲೇ ವಂದುಟ್ಟೇನ್ ಅಂತೀವಿ. ನಮ್ಮ ರಾಮಕ್ಕ ವಚ್ಚೇಸಿನಾ ಅಂತಾಳೆ. ನಿಮ್ದು ಬಂದೆ. ಮೂರು ಭಾಷೆಲೂ ಒಂದೇ ಸುಳ್ಳು!"

ನಿಜವೇ. ನಾವು ಹೊರಡುವ ಮೊದಲೇ ಬಂದಿರುತ್ತೇವೆ. ಅದುವರೆಗೆ ಆ ಮಾತನ್ನು ನಾನು ಕಿವಿಗೊಟ್ಟು ಕೇಳಿರಲಿಲ್ಲ. ಆ ದಿನ ರಾಮಕ್ಕ ಕಾಫಿ ಕೊಡಲು ಬಂದಾಗ ಇನ್ನೊಂದು ಅಂಥದೇ ಮಾತಾಡಿದೆ: "ಈಗ ತಾನೆ ಕುಡಿದೆ." ಕುಡಿದಿರಲಿಲ್ಲ. ನಾನು ಲಿಂಗ ಕಟ್ಟಿಕೊಂಡ ಮನೆಯವನು, ಅದು ಕಾಲೋನಿಯ ಮನೆ, ಅಷ್ಟೇ. ರಾಮಕ್ಕನಿಗೆ ಅದು ತಿಳಿಯಿತು; ಲೋಟವನ್ನು ಸದ್ದಿಲ್ಲದೆ ಒಳಗೆ ಒಯ್ದಳು. ಅವಳು ಒಳಗೆ ಹೋದ ರೀತಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ತಿಂಗಳ ಮೇಲೆ ನಾನಾಗಿಯೇ ಕೇಳಿ ಕುಡಿದೆ. ಅವಳು ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದ್ದಳು.

ಅವರ ಮನೆಯ ಗೋಡೆಯ ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನ ಚಿತ್ರವಿತ್ತು. ಗಣಿಯ ಲೈನು ಮನೆಗಳಲ್ಲಿ ಅವನ ತಾತನ ಕಾಲದಲ್ಲೇ ಒಂದಷ್ಟು ಕುಟುಂಬಗಳು ಬುದ್ಧನ ದಾರಿ ಹಿಡಿದಿದ್ದವಂತೆ. ಹುಣ್ಣಿಮೆಯ ದಿನ ಬಿಳಿ ಪಂಚೆ ಉಟ್ಟು, ಒಂದು ದೀಪ ಹಚ್ಚಿ, ಗೋಡೆಗೆ ಒರಗಿ ಕೂರುತ್ತಿದ್ದ. ಬಲಿ ಇಲ್ಲ, ಹರಕೆ ಇಲ್ಲ, ಇದೆಂಥ ದೇವರೋ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅವನ ಉಸಿರು ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತಿತ್ತು. ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕು. ಸರಿಯಾಗಿ ಹತ್ತು ಹೆಜ್ಜೆ ದೂರದಲ್ಲಿ ನನ್ನ ಆಸ್ಪತ್ರೆಯ ಜಗಲಿ ಇದ್ದದ್ದರಿಂದ ದಿನಾ ಅಲ್ಲಿಗೆ ಬಂದು ಕೂರುತ್ತಿದ್ದ. ತುಟಿ ಅಲ್ಲಾಡುತ್ತಿರುತ್ತಿತ್ತು. ಏನು ಮಂತ್ರ ಎಂದು ಕೇಳಿದೆ.

"ಮಂತ್ರ ಯಾವ್ದೂ ಇಲ್ಲ. ಉಸಿರು ಬಂದಾಗ ಬಂತು ಅಂತೀನಿ. ಹೋದಾಗ ಹೋಯ್ತು ಅಂತೀನಿ. ಬರೋಕ್ ಮುಂಚೆ ಮಾತ್ರ ಬಂತು ಅನ್ನಲ್ಲ."

"ಅದರಿಂದ ಏನಾಗುತ್ತೆ?"

"ಏನೂ ಆಗಲ್ಲ. ನಾನು ಇಲ್ಲಿರ್ತೀನಿ. ನೀನು ಇಲ್ಲಿದೀಯಾ?"

ಅವನ ಮುಂದೆಯೇ ಕೂತು ನಾನೂ ಒಂದು ಕೈ ನೋಡಿದೆ. ಬಂತು, ಹೋಯ್ತು. ಬಂತು, ಹೋಯ್ತು. ಮೂರನೆಯದು ಹೋಗುವಷ್ಟರಲ್ಲಿ ನಾನು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೆ. ಕಣ್ಣು ಬಿಟ್ಟರೆ ಏಳುಮಲೈ ನಗುತ್ತಿದ್ದಾನೆ. "ಎಲ್ಲಿಗೆ ಹೋಗಿದ್ದೆ?" "ಮಧುಗಿರಿಗೆ." "ಬಸ್ ಚಾರ್ಜ್ ಉಳೀತು," ಎಂದ.

ಅವನು ನಗದೆ ಹೇಳಿದ್ದು ಒಂದೇ ಸಂಗತಿ. ನಾನೇ ಕೆದಕಿ ಕೇಳಿದ್ದು, ಬುದ್ಧನನ್ನು ಇಷ್ಟು ಗಟ್ಟಿಯಾಗಿ ಯಾಕೆ ಹಿಡಿದುಕೊಂಡೆ ಎಂದು. ಗಣಿಯೊಳಗೆ ಬಂಡೆ ಬೀಳದಂತೆ ಮರದ ಊರೆ ಕೊಡುವುದು ಅವನ ಕೆಲಸವಾಗಿತ್ತು. ಜೊತೆಗಾರ ಒಬ್ಬನಿದ್ದ. ಒಂದು ದಿನ ಆ ಜೊತೆಗಾರ ಮೇಲಿನ ಕಲ್ಲು ಚಿಟಿಚಿಟಿ ಅನ್ನುವುದನ್ನು ಕೇಳಿ, ಊರೆ ಎತ್ತಿ ಹಿಡಿದು, ಏಳುಮಲೈ ಬಾ ಎಂದು ಕೂಗಿದ. ಏಳುಮಲೈ ವಂದುಟ್ಟೇನ್ ಎಂದ. ಆಗ ಅವನ ಮಗು ಹುಟ್ಟಿ ಮೂರು ದಿನ. ಮಾರನೇ ದಿನ ರಜೆ ಹಾಕಿ ಈ ಊರಿಗೆ ಬರಬೇಕು. ಯಾವ ರೈಲು, ಯಾವ ಬಸ್ಸು ಎಂದು ಲೆಕ್ಕ ಹಾಕುತ್ತಾ ಕಾಲಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. "ಗಂಟು ಹಾಕಿ ಎದ್ದೆ. ಅಷ್ಟೇ ಹೊತ್ತು ತಂಬಿ. ಅಲ್ಲಿ ಕಲ್ಲಿತ್ತು, ಅವನಿರ್ಲಿಲ್ಲ." ಹನ್ನೊಂದರ ಬಸ್ಸಿನ ಹಾರನ್ ಕೇಳಿಸಿತು. ನಾನು ಎದ್ದು ಅಂಚೆ ಮನೆಗೆ ಹೋದೆ. ಇಂಥ ಮಾತು ಕೇಳಿದ ಮೇಲೂ ಎದ್ದು ಹೋದೆ!

ಬೇಸಿಗೆ ಹೀಗೇ ಕಳೆಯಿತು. ಮಳೆಗಾಲ ಹತ್ತಿರ ಬಂತು. ಮೊದಲ ಮಳೆ ಬಿದ್ದು ನೆಲ ಚಿಗುರಿದಾಗ, ಹಸಿದ ಕುರಿಗಳು ಆ ಎಳೆ ಹುಲ್ಲನ್ನು ಗಬಗಬನೆ ಮೇಯುತ್ತವೆ. ಆಗ ಕರುಳು ಬೇನೆ ಬರುತ್ತದೆ. ಬೆಳಿಗ್ಗೆ ಕುಣಿಯುತ್ತಿದ್ದ ಕುರಿ ಮಧ್ಯಾಹ್ನಕ್ಕೆ ಇರುವುದಿಲ್ಲ. ಅದಕ್ಕೇ ಅಲ್ಲಿನ ಗೊಲ್ಲರು ಒಂದು ಪದ್ಧತಿ ಇಟ್ಟುಕೊಂಡಿದ್ದರು: ಮೊದಲ ಮಳೆಯಾದ ಮೇಲೆ ಎಂಟು ದಿನ ಮಂದೆಯನ್ನು ಬೇಲಿಯೊಳಗೇ ಕೂಡಿಹಾಕುವುದು. ಜಾಲಿ, ಬೇವು, ಬಾಗೆಯ ಸೊಪ್ಪು ಕಡಿದು ತಂದು ಹಾಕುವುದು. ಹುಲ್ಲು ಸ್ವಲ್ಪ ಬಲಿತ ಮೇಲೆಯೇ ಹೊರಗೆ ಬಿಡುವುದು. ಮೈ ಮುರಿಯುವ ಕೆಲಸ. ನಮ್ಮ ಇಲಾಖೆಯವರು ಬೇನೆಗೆ ಸೂಜಿಮದ್ದು ತಂದಿದ್ದರು. ಮಳೆಗೆ ಮೊದಲೇ ಚುಚ್ಚಿಸಿಕೊಂಡರೆ ಭಯವಿಲ್ಲ ಎಂದು ನಾವು ಹಟ್ಟಿ ಹಟ್ಟಿಗೆ ಹೇಳಿಕೊಂಡು ಬಂದಿದ್ದೆವು. ಆ ಮದ್ದನ್ನು ತಣ್ಣಗಿಡಬೇಕು. ಪಾವಗಡದ ಐಸ್‌ಕ್ಯಾಂಡಿ ಅಂಗಡಿಯಿಂದ ಐಸು ತುಂಬಿ, ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು, ಬಸ್ಸಿನಲ್ಲಿ ಕಳಿಸುತ್ತಿದ್ದರು. ಬಂದ ದಿನವೇ ಹಾಕಿ ಮುಗಿಸಬೇಕು.

ಊರಿನಿಂದ ಎರಡು ಮೈಲಿ ದೂರದ ಗೊಲ್ಲರಹಟ್ಟಿಯಲ್ಲಿ ಈರಕ್ಕ ಎಂಬ ಹೆಂಗಸಿದ್ದಳು. ನಲವತ್ತರ ಆಸುಪಾಸು, ನೇರ ಮಾತು. ಗಂಡ ದೊಡ್ಡ ಮಂದೆ ಹೊಡೆದುಕೊಂಡು ಉಳಿದವರ ಜೊತೆ ಗಡಿಯಾಚೆ ಹೋಗಿದ್ದ. ಮರಿ ಹಾಕಿದ ಕುರಿಗಳು, ಎಳೆ ಮರಿಗಳು, ಒಟ್ಟು ನಲವತ್ತಮೂರು ಇವಳ ಪಾಲಿಗೆ. ಮದ್ದು ಬಂದ ದಿನ ತಾನೇ ನಡೆದು ಬಂದು ಆಸ್ಪತ್ರೆಯ ಮುಂದೆ ನಿಂತಳು.

"ಮೇವಿಗೆ ಬುಡ್ದೆ ಕೂಡಾಕಿವ್ನಿ ಸ್ವಾಮಿ. ಬಿರ್ರನೆ ಬಂದ್ಬುಡಿ, ಒಟ್ಟೆ ಅಸ್ಕಂಡು ಬಡ್ಕತಾವೆ."

"ಬಂದೆ ಈರಕ್ಕ. ನೀನು ಮುಂದೆ ನಡಿ, ಹಿಂದೇನೇ ಬಂದೆ."

ಫ್ಲಾಸ್ಕಿನ ಮುಚ್ಚಳ ತೆಗೆದು ಐಸು ನೋಡಿದೆ, ಇತ್ತು. ಸೂಜಿ ಕುದಿಯಲು ಇಟ್ಟೆ. ಅದೇ ಬಸ್ಸಿಗೆ ಮಧುಗಿರಿಯ ದೊಡ್ಡಪ್ಪನ ಮಗನಿಂದ ನನಗೊಂದು ಕಾರ್ಡು ಬಂದಿತ್ತು. ಆರ್ಡರು ಟೈಪಾಗಿದೆ, ಸಹಿ ಒಂದೇ ಬಾಕಿ, ಕಾರ್ಡು ಸಿಕ್ಕಿದ ದಿನವೇ ನನ್ನ ಅಂಗಡಿಗೆ ಫೋನ್ ಮಾಡು ಎಂದು ಬರೆದಿದ್ದ. ಫೋನು ಇದ್ದದ್ದು ಪಾವಗಡದಲ್ಲಿ. ಬಸ್ಸು ತಿರುಗಿಸಿಕೊಂಡು ನಿಂತಿತ್ತು. ಒಂದು ಗಂಟೆಯಲ್ಲಿ ಹೋಗಿ ಬಂದುಬಿಡುತ್ತೇನೆ ಎಂದು ಸ್ಟೌ ಆರಿಸಿ ಹತ್ತಿಬಿಟ್ಟೆ. ಮುಚ್ಚಳ ತೆಗೆದ ಫ್ಲಾಸ್ಕು ಪಡುವಣದ ಕಿಟಕಿಯ ಕೆಳಗೆ ಮೇಜಿನ ಮೇಲೇ ಉಳಿಯಿತು. ಪಾವಗಡದಲ್ಲಿ ಟ್ರಂಕ್ ಕಾಲ್ ಸಿಗಲಿಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಕಾದು, ಸಿಕ್ಕಿದ್ದು ಸಂಜೆಗೆ. ಊರ ಕಡೆಯ ಬಸ್ಸು ಹೋಗಿಯಾಗಿತ್ತು. ಮರುದಿನ ಹನ್ನೊಂದಕ್ಕೆ ಬಂದು ನೋಡಿದರೆ ಫ್ಲಾಸ್ಕಿನೊಳಗೆ ಬಿಸಿಲಿಗೆ ಇಟ್ಟ ಬಿಂದಿಗೆಯ ನೀರಿನಂಥ ಬೆಚ್ಚನೆ ನೀರು. ಮದ್ದಿನ ಬಾಟ್ಲಿ ಅದರಲ್ಲಿ ತೇಲುತ್ತಿತ್ತು.

ಈರಕ್ಕ ಹಿಂದಿನ ದಿನ ಸಂಜೆಯ ತನಕ ಕುರಿಗಳನ್ನು ಉಪವಾಸ ಕೂಡಿಹಾಕಿ ಕಾದಿದ್ದಳು. ಮತ್ತೆ ಬಂದಳು. ಬಯ್ಯುತ್ತಾಳೆ ಎಂದುಕೊಂಡೆ. "ಏನಾಯ್ತೋ ಅಂದ್ಕಂಡೆ ಸ್ವಾಮಿ. ಬಿಸ್ಲು ಜೋರು. ಉಸಾರಾಗಿದೀರಾ?" ಎಂದಳು. ಆ ಮಾತಿಗೆ ನಿಜ ಹೇಳಿಬಿಡಬೇಕಿತ್ತು. ಹೇಳಿದರೆ ಡಾಕ್ಟರಿಗೆ ತಿಳಿಯುತ್ತದೆ, ಮೇಲಕ್ಕೆ ಬರೆಯುತ್ತಾರೆ, ಸಹಿಗೆ ಇಟ್ಟ ಕಾಗದ ನಿಂತುಹೋಗುತ್ತದೆ. ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಹಿಂದೆ ನಡೆದೆ. ನಲವತ್ತಮೂರಕ್ಕೂ ಚುಚ್ಚಿದೆ. ಅವಳೇ ಒಂದೊಂದನ್ನೂ ಮೊಣಕಾಲ ನಡುವೆ ಹಿಡಿದು ಕೊಡುತ್ತಿದ್ದಳು. ಕೊನೆಯ ಮರಿಯನ್ನು ಬಿಡುತ್ತಾ ಕೇಳಿದಳು:

"ಅಂಗಾರೆ ಈ ಸಲ ಎಂಟ್ ದಿನ ಕೂಡಾಕೋದು ಬ್ಯಾಡ್ವಾ ಸ್ವಾಮಿ? ಹೊಸಾ ಹುಲ್ಗೆ ಬುಡಬೌದಾ?"

"ಧೈರ್ಯವಾಗಿ ಬಿಡಮ್ಮ," ಎಂದೆ.

ಆ ಮದ್ದು ನಿಜವಾಗಿಯೂ ಕೆಟ್ಟಿತ್ತೋ, ಅರ್ಧ ಉಳಿದಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಬಿಡಮ್ಮ ಎಂದೆ ಎನ್ನುವುದು ಮಾತ್ರ ಗೊತ್ತು. ಆಮೇಲಿನ ದಿನಗಳು ಇನ್ನೂ ಕೆಟ್ಟವು. ಗಳಿಗೆಗೊಮ್ಮೆ ಹೊರಗೆ ಬಂದು ಆಕಾಶ ನೋಡುತ್ತಿದ್ದೆ. ಮಳೆ ತಡವಾಗಲಿ, ಆರ್ಡರು ಬೇಗ ಬರಲಿ, ಮಳೆಗೆ ಮೊದಲು ನಾನು ಇಲ್ಲಿಂದ ಹೋಗಿಬಿಡಲಿ ಎಂದು ಹಂಬಲಿಸಿದೆ. ಮಳೆ ಬಾರದಿರಲಿ ಎಂದು ಪಾವಗಡ ಸೀಮೆಯಲ್ಲಿ ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಏಳುಮಲೈ ಜಗಲಿಗೆ ಬಂದರೆ ಕೆಲಸವಿದ್ದವನಂತೆ ಒಳಗೆ ಬಾಟ್ಲಿ ಜೋಡಿಸುತ್ತಿದ್ದೆ.

ಮಳೆ ಬಂತು. ಮೂರು ದಿನ ಬಿಟ್ಟು ಬಿಟ್ಟು ಹೊಡೆಯಿತು. ವಾರದೊಳಗೆ ಕೆಂಪು ನೆಲದ ಮೇಲೆ ಹಸಿರು ಹೊಗೆಯಾಡಿತು. ಅದರ ಮಾರನೇ ದಿನವೇ ಹನ್ನೊಂದರ ಬಸ್ಸಿಗೆ ಆರ್ಡರೂ ಬಂತು: ಮಧುಗಿರಿ. ಅದೇ ಬಸ್ಸಿಗೆ ಹೊರಡುವುದೆಂದು ಟ್ರಂಕನ್ನು ಮೇಲೆ ಹಾಕಿಸಿದೆ. ಡ್ರೈವರು ಕಾಫಿ ಕುಡಿಯುವಷ್ಟರಲ್ಲಿ ಏಳುಮಲೈಗೆ ಒಂದು ಮಾತು ಹೇಳಿ ಬರೋಣ ಎಂದು ಓಡಿದೆ.

"ಬಂತಲ್ಲ ಆರ್ಡರ್," ಎಂದ. "ಮತ್ತೆ ಮುಖ ಯಾಕೆ ಹಿಂಗಿದೆ?"

ತಡೆಯಲಾಗಲಿಲ್ಲ. ಫ್ಲಾಸ್ಕು, ಬೆಚ್ಚನೆ ನೀರು, ನಲವತ್ತಮೂರು ಕುರಿ, ಧೈರ್ಯವಾಗಿ ಬಿಡಮ್ಮ ಎಂದದ್ದು, ಎಲ್ಲವನ್ನೂ ನಿಂತ ನಿಲುವಿನಲ್ಲೇ ಹೇಳಿದೆ. ರಾಮಕ್ಕ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಏಳುಮಲೈ ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಈರಕ್ಕಂಗೆ ಹೇಳ್ದ್ಯಾ?"

"ಮಧುಗಿರಿಗೆ ಹೋದ ತಕ್ಷಣ ಡಾಕ್ಟರಿಗೆ ಕಾಗದ ಬರೀತೀನಿ. ಅವರೇ ಬೇರೆ ಮದ್ದು ತರಿಸಿ ಹಾಕಿಸ್ತಾರೆ."

ಅವನು ಉಸಿರು ಒಳಗೆ ಬರುವ ತನಕ ಕಾದ.

"ಕುರಿ ಇವತ್ತು ಮೇಯ್ತದೆ ತಂಬಿ."

ಅಷ್ಟೇ. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ಹೊರಗೆ ಹಾರನ್ ಆಯಿತು. ಶಿರಾದವನಾದ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಿದ್ದ: "ಕ್ಯಾ ಸಾಬ್, ಟೈಮಾಯ್ತು, ಬರ್ತೀರೋ ಇಲ್ವೋ?" ಬಂದೆ ಎನ್ನಲು ಬಾಯಿ ತೆರೆದೆ. "ಬರಲ್ಲ, ನೀವು ಹೋಗಿ," ಎಂದೆ. "ಟ್ರಂಕು?" ಎಂದು ಅವನು ಕೇಳಿದ್ದು ನನಗೆ ಕೇಳಿಸಿದ್ದು ಅರ್ಧ ಫರ್ಲಾಂಗು ಓಡಿದ ಮೇಲೆ. ಹೀಗಾಗಿ ನನ್ನ ಟ್ರಂಕು ನನಗಿಂತ ಒಂಬತ್ತು ದಿನ ಮೊದಲೇ ಮಧುಗಿರಿಗೆ ವರ್ಗವಾಯಿತು.

ಎರಡು ಮೈಲಿ. ನೆನೆದ ಮಣ್ಣು ಚಪ್ಪಲಿಗೆ ಹಿಡಿದುಕೊಂಡಿತು. ಕಿತ್ತು ಕೈಯಲ್ಲಿ ಹಿಡಿದು ಓಡಿದೆ. ಹಟ್ಟಿಯ ಆಚೆಯ ಇಳಿಜಾರಿನಲ್ಲಿ ಮಂದೆ ಹರಡಿಕೊಂಡಿತ್ತು. ತಲೆ ಎತ್ತದೆ ಮೇಯುತ್ತಿದ್ದವು. ಈರಕ್ಕ ನನ್ನನ್ನು ದೂರದಿಂದಲೇ ನೋಡಿ ಕೈ ಬೀಸಿದಳು.

"ನೋಡಿ ಸ್ವಾಮಿ, ಎಂಗೆ ಮೇಯ್ತಾವೆ! ಈವತ್ತೇ ಬುಟ್ಟೆ!"

ಅವಳ ಬೆನ್ನ ಹಿಂದೆ, ಒಂದು ಕುರುಚಲು ಗಿಡದ ಪಕ್ಕ, ಕೊಬ್ಬಿದ ಮರಿಯೊಂದು ತಲೆಯನ್ನು ಹಿಂದಕ್ಕೆ ಎಸೆದು ಬಿದ್ದಿತ್ತು. ಕಾಲುಗಳು ನಡೆಯುವಂತೆ ಆಡುತ್ತಿದ್ದವು. ಅವಳೂ ಆಗಲೇ ನೋಡಿದಳು. "ಅಯ್ಯೋ, ಆವೇನಾದ್ರೂ ಮುಟ್ತಾ..." ಎಂದು ಓಡಿದಳು.

"ಹಾವಲ್ಲ ಈರಕ್ಕ. ಆ ಮದ್ದು ಕೆಟ್ಟಿತ್ತು. ಬಿಸಿಲಿಗೆ ಬಿಟ್ಟು ಪಾವಗಡಕ್ಕೆ ಹೋಗಿದ್ದೆ. ನನಗೆ ಗೊತ್ತಿದ್ದೂ ಹಾಕಿದೆ. ಬಿಡಬಹುದು ಅಂದದ್ದೂ ಸುಳ್ಳು. ಮಂದೆ ತಿರುಗಿಸು."

ಅವಳು ಮರಿಯ ಪಕ್ಕ ಕೂತಿದ್ದಳು. ನನ್ನ ಮುಖ ನೋಡಿದಳು. ಕೋಪಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ. ಎದ್ದು ಬಾಯಲ್ಲಿ ಬೆರಳಿಟ್ಟು ಶಿಳ್ಳೆ ಹೊಡೆದಳು. "ಅತ್ಲಾಗ್ ಓಡಿ! ಆಲದ್ ಮರದ್ ತಾವ ತಡೀರಿ! ಬಾಯಾಕಕ್ಕೆ ಬುಡಬ್ಯಾಡಿ!" ಎಳೆ ಹುಲ್ಲಿನ ರುಚಿ ಹತ್ತಿದ ಕುರಿಯನ್ನು ತಿರುಗಿಸುವುದು ಸುಲಭವಲ್ಲ. ಎತ್ತಿಕೊಂಡೆ, ಎಳೆದೆ, ಬಿದ್ದೆ, ಮತ್ತೆ ಎದ್ದೆ. ಬೇಲಿಯೊಳಗೆ ಅಷ್ಟನ್ನೂ ಸೇರಿಸಿ ಮುಳ್ಳು ಎಳೆಯುವ ಹೊತ್ತಿಗೆ ಸೂರ್ಯ ಇಳಿದಿದ್ದ. ಆ ದಿನ ಐದು ಸತ್ತವು. ಮಾರನೇ ದಿನ ಎರಡು. ಮೂರನೇ ದಿನ ಒಂದು. ಯಾವಾಗಲೂ ದುಂಡಗೆ ಮೇದವೇ, ಮಂದೆಯಲ್ಲಿ ಚೆನ್ನಾಗಿದ್ದವೇ ಈ ಬೇನೆಗೆ ಮೊದಲು ಹೋಗುವುದು.

ನಾನು ಅಲ್ಲೇ ಉಳಿದೆ. ಅವಳು ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹಟ್ಟಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಬೇಲಿಯ ಹೊರಗೆ ಬಿಟ್ಟವು ಮಳೆಗೆ ನೆನೆದು ಸುರುಟಿಕೊಂಡವು. ಬೆಳಗಾದರೆ ದೋಟಿ ಹಿಡಿದು ಸೊಪ್ಪು ಕಡಿಯುವುದು, ಹೊರೆ ಹೊರುವುದು, ನೀರು ಸೇದುವುದು, ಒಂದೊಂದು ಕುರಿಯ ಕಣ್ಣು, ಹಿಕ್ಕೆ, ಹೊಟ್ಟೆ ನೋಡುವುದು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಈರಕ್ಕ ದಿನಕ್ಕೆರಡು ಹೊತ್ತು ನನ್ನ ಮುಂದೆ ಮುದ್ದೆ, ಸೊಪ್ಪಿನ ಸಾರು ಇಡುತ್ತಿದ್ದಳು. ತಾನು ಉಣ್ಣುವ ಮೊದಲು ಇಡುತ್ತಿದ್ದಳು. ಮಾತು ಮಾತ್ರ ಕುರಿಯದೇ: "ಈ ಬಿಳೀದು ನೀರ್ ಕುಡೀಲಿಲ್ಲ ನೋಡಿ." "ಆ ಕಿವಿ ಅರ್ದಿರೋದು ಮೆಲುಕಾಕ್ತಾ ಅದಾ?" ಮೊದಲ ದಿನ ಮಧುಗಿರಿ ನೂರು ಸಲ ನೆನಪಾಯಿತು. ಟ್ರಂಕು ಎಲ್ಲಿದೆಯೋ, ಹಾಜರಾಗುವ ಗಡುವು ಎಂದೋ, ಹುಡುಗಿಯ ಅಪ್ಪ ಏನೆಂದುಕೊಂಡನೋ. ನಾಲ್ಕನೇ ದಿನಕ್ಕೆ ಬಿಳೀದು ನೀರು ಕುಡಿಯಿತೋ ಇಲ್ಲವೋ ಅನ್ನುವುದಷ್ಟೇ ತಲೆಯಲ್ಲಿತ್ತು. ಐದನೇ ದಿನ ಅದು ಕುಡಿಯಿತು. ಅದರ ಗಂಟಲಲ್ಲಿ ನೀರು ಇಳಿಯುವುದನ್ನು ನಾನು ನೋಡಿದ್ದು ಈಗಲೂ ಕಣ್ಣ ಮುಂದಿದೆ.

ಅಳಿಯನ ಫೋನು ಹೇಳುವ ಹಾಗೆ ಈ ಕ್ಷಣದಲ್ಲಿ ಇರುವುದು ನೆಮ್ಮದಿಯೇ ಇರಬಹುದು. ನನ್ನ ಪಾಲಿಗೆ ಬಂದ ಕ್ಷಣದಲ್ಲಿ ನಾನೇ ಕೊಂದ ಕುರಿಗಳಿದ್ದವು, ನನಗೆ ಊಟ ಬಡಿಸುವ ಅವುಗಳ ಒಡತಿ ಇದ್ದಳು. ಅಲ್ಲಿ ಕೂತಿರುವುದು ಕೆಂಡದ ಮೇಲೆ ಕೂತ ಹಾಗಿತ್ತು. ಆದರೂ ಕೂತೆ. ಆ ವರ್ಷದ ಬೇರೆ ದಿನಗಳನ್ನೆಲ್ಲ ನಾನು ಬೆಳಿಗ್ಗೆಯೇ ಗೆರೆ ಎಳೆದು ಕಳೆದುಬಿಟ್ಟಿದ್ದೆ. ಪೂರ್ತಿಯಾಗಿ ನನ್ನ ಬಳಿ ಉಳಿದಿರುವುದು ಹಟ್ಟಿಯ ಆ ಎಂಟು ದಿನ ಮಾತ್ರ.

ಡಾಕ್ಟರಿಗೆ ಹಟ್ಟಿಯಿಂದಲೇ ನಿಜ ಬರೆದು ಕಳಿಸಿದೆ. ಮೆಮೋ ಬಂತು, ಸರ್ವೀಸಿನ ಪುಸ್ತಕದಲ್ಲಿ ಒಂದು ಕಪ್ಪು ಗುರುತು ಬಿತ್ತು. ವರ್ಗ ನಿಲ್ಲಲಿಲ್ಲ. ಮಧುಗಿರಿಯ ಆ ಹುಡುಗಿಯೇ ಈಗ ನನಗೆ ದಿನಾ ಬಿ.ಪಿ. ಮಾತ್ರೆ ಕೊಡುವವಳು, ಅವಳಿಗೆ ಇದೆಲ್ಲ ಗೊತ್ತು. ಏಳುಮಲೈ ಮುಂದಿನ ಚಳಿಗಾಲ ದಾಟಲಿಲ್ಲ. ರಾಮಕ್ಕ ಮೇಷ್ಟರ ಕೈಲಿ ಬರೆಸಿದ ಕಾರ್ಡು ನನ್ನನ್ನು ತಲುಪುವ ಹೊತ್ತಿಗೆ ಹದಿನೈದು ದಿನವಾಗಿತ್ತು. ಓದಿ ಅತ್ತೆ. ಅವನ ಉಸಿರಿನ ಕೊನೆಯ ಸದ್ದು ಕೇಳಲು ನಾನು ಅಲ್ಲಿರಬೇಕಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದು ಅವನಿಗೆ ಗೊತ್ತಾಗಿದ್ದರೆ, ಮತ್ತೆ ಇನ್ನೆಲ್ಲಿಗೋ ಹೋದ್ಯಾ ತಂಬಿ ಎಂದು ನಕ್ಕಿರುತ್ತಿದ್ದ.

ಒಂಬತ್ತನೇ ದಿನ ಬೆಳಿಗ್ಗೆ ಈರಕ್ಕ ಇಳಿಜಾರಿಗೆ ಹೋಗಿ ಒಂದು ಹಿಡಿ ಹುಲ್ಲು ಕಿತ್ತು ತಂದು, ಬೆರಳಲ್ಲಿ ಹೊಸೆದು ನೋಡಿ, ಬಾಯಿಗೆ ಹಾಕಿ ಅಗಿದು ಉಗಿದಳು. ಬಲಿತಿತ್ತು. ಮುಳ್ಳು ಸರಿಸಿದಳು. ಕುರಿಗಳು ಒಂದನ್ನೊಂದು ನೂಕಿಕೊಂಡು ಹೊರಟವು. ಇಬ್ಬರೂ ಎಣಿಸಿದೆವು, ಅವಳು ಒಂದು ಕಡೆ, ನಾನು ಒಂದು ಕಡೆ. ಮೂವತ್ತೈದು. ಎಲ್ಲವೂ ತಲೆ ಬಗ್ಗಿಸಿ ಮೇಯತೊಡಗಿದ ಮೇಲೂ ನಾವು ಬಹಳ ಹೊತ್ತು ನೋಡುತ್ತಾ ನಿಂತೆವು. ಯಾವುದೂ ಬೀಳಲಿಲ್ಲ.

ಬೇಲಿಯ ಹೊರಗೆ ಬಂದು ಸುರುಟಿದ ಚಪ್ಪಲಿ ಮೆಟ್ಟಿಕೊಂಡೆ. ಕೈ ಜೋಡಿಸಿದೆ. "ಹೋಗಿ ಬರ್ತೀನಿ ಈರಕ್ಕ," ಎಂದೆ. ಇಷ್ಟು ದಿನದಲ್ಲಿ ಮೊದಲ ಸಲ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ದನಿ ಏರಿಸಲಿಲ್ಲ.

"ಹೋಗಿ. ಬರಬ್ಯಾಡಿ."

ಎಂಟು ದಿನ ಎರಡು ಹೊತ್ತು ನನಗೆ ಉಣ್ಣಲು ಇಟ್ಟ ಕೈ ಕೋಲನ್ನು ಹೆಗಲಿಗೇರಿಸಿಕೊಂಡಿತು. ಅವಳು ಕುರಿಗಳ ಹಿಂದೆ ಇಳಿಜಾರಿನಲ್ಲಿ ಇಳಿದುಹೋದಳು, ತಿರುಗಿ ನೋಡಲಿಲ್ಲ. ನಾನು ಅಲ್ಲೇ ನಿಂತಿದ್ದೆ. ವರ್ಷವಿಡೀ ಹೊರಡಲು ತುದಿಗಾಲಲ್ಲಿದ್ದವನಿಗೆ ಆಗ ಎಲ್ಲಿಗೂ ಹೋಗಬೇಕೆನ್ನಿಸಲಿಲ್ಲ.